ಅಮಾನತು ಬೇರೆ, ಅಮಾನತ್ ಬೇರೆ

ಪೊಲೀಸರ ಮೇಲೆ ದೂರು ಬಂದರೆ ಪತ್ರಿಕೆಯಲ್ಲಿ ‘ಸಿಬ್ಬಂದಿ ಅಮಾನತು’ ಎಂದು ಓದುತ್ತೇವೆ. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದನ್ನು ಒಡೆಯರಿಗೆ ಹಿಂದಿರುಗಿಸಲೇಬೇಕು. ಮೊದಲನೆಯದು ತಪ್ಪು ಮಾಡಿದವರ ವಿಷಯ, ಎರಡನೆಯದು ನಷ್ಟ ಆದವರ ವಿಷಯ. ಕಾನೂನಿನಲ್ಲೂ ಇವೆರಡಕ್ಕೆ ಬೇರೆ ಬೇರೆ ದಾರಿಗಳಿವೆ.

ಮುತ್ತತ್ತಿಯ ಕಥೆ ನಮಗೆಲ್ಲ ಗೊತ್ತು. ಕಾವೇರಿಯಲ್ಲಿ ಬಿದ್ದ ಸೀತೆಯ ಮುತ್ತಿನ ಒಡವೆಯನ್ನು ಎತ್ತಿಕೊಟ್ಟ ಆಂಜನೇಯ ಮುತ್ತೆತ್ತರಾಯನಾದ. ಅಲ್ಲಿ ಒಡವೆ ಒಡತಿಯ ಕೈ ಸೇರಿತು. ಸಿಕ್ಕಿದ ಒಡವೆ ಪೊಲೀಸರ ವಶದಲ್ಲೇ ಕಾಣೆಯಾದರೆ?

ನಮ್ಮ ರಾಜ್ಯದಲ್ಲೇ ಹೀಗಾಗಿತ್ತು. ಬಸವ್ವ ಪಾಟೀಲ ಮತ್ತು ಮೈಸೂರು ರಾಜ್ಯದ ಮೊಕದ್ದಮೆಯಲ್ಲಿ, ಕಳುವಾದ ಒಡವೆಗಳನ್ನು ಪೊಲೀಸರು ಪತ್ತೆ ಮಾಡಿದ್ದರು. ಆದರೆ ಅವು ಪೊಲೀಸರ ಕಾವಲಿನಲ್ಲಿದ್ದಾಗಲೇ ಕಾಣೆಯಾದವು. 1977ರಲ್ಲಿ ಸುಪ್ರೀಂ ಕೋರ್ಟ್, ವಸ್ತು ಇಲ್ಲದಿದ್ದರೆ ಅದರ ಬೆಲೆಯನ್ನು ಕೊಡಬೇಕೆಂದು ಹೇಳಿ ₹10,000 ಕೊಡಲು ರಾಜ್ಯಕ್ಕೆ ಆದೇಶಿಸಿತು. ತಕ್ಕ ಎಚ್ಚರಿಕೆ ವಹಿಸಿದ್ದೆವು ಎಂದು ಸರ್ಕಾರ ತೋರಿಸಿರಲಿಲ್ಲ.

ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗೋದಾಮಿನಲ್ಲಿಟ್ಟ ಸರಕು ಕಾಣೆಯಾದರೆ ಉತ್ತರ ಕೊಡಬೇಕಾದವನು ಗೋದಾಮಿನವನು, ಸರಕಿನ ಒಡೆಯನಲ್ಲ. ಆದರೆ ನ್ಯಾಯಾಲಯ ಯಾವಾಗಲೂ ಹೀಗೆ ಹೇಳಿರಲಿಲ್ಲ. 1964ರ ಕಸ್ತೂರಿಲಾಲ್ ಪ್ರಕರಣದಲ್ಲಿ ಮೀರತ್ ಪೊಲೀಸರ ವಶದಲ್ಲಿದ್ದ ವ್ಯಾಪಾರಿಯ ಚಿನ್ನ ಹೋದಾಗ, ರಾಜ್ಯ ಹೊಣೆಯಲ್ಲ ಎಂದು ಅದೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು.

ಈಗ ದಾರಿಗಳನ್ನು ನೋಡೋಣ.

ಒಂದು, ದೂರು. 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ, 2012ರ ತಿದ್ದುಪಡಿಯಿಂದ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ರಾಜ್ಯ ಮತ್ತು ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಗಳು ಬಂದವು. ಗಂಭೀರ ದುರ್ವರ್ತನೆಯ ದೂರುಗಳನ್ನು ಅಲ್ಲಿಗೆ ಕೊಡಬಹುದು. ಮೇಲಧಿಕಾರಿಗೂ ದೂರು ಕೊಡಬಹುದು. ಇದರಿಂದ ಸಿಬ್ಬಂದಿಯ ಮೇಲೆ ಕ್ರಮ ಆಗಬಹುದು; ಹೋದ ವಸ್ತು ತಾನಾಗಿ ಬರುವುದಿಲ್ಲ.

ಎರಡು, ಪರಿಹಾರ ಕೇಳಿ ಸಿವಿಲ್ ದಾವೆ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಾಮಾನ್ಯವಾಗಿ ಎರಡು ತಿಂಗಳ ನೋಟಿಸ್ ಕೊಡಬೇಕು. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೆಲಸಕ್ಕಾಗಿ ಪೊಲೀಸರ ಮೇಲೆಯೇ ದಾವೆ ಹೂಡಲು ಪೊಲೀಸ್ ಕಾಯ್ದೆಯ 170ನೇ ಕಲಂ ಪ್ರಕಾರ ಸರ್ಕಾರದ ಪೂರ್ವಾನುಮತಿ ಬೇಕು. ಕರ್ತವ್ಯದ ಮಿತಿ ಮೀರಿದ್ದರೂ, ಆ ಕೆಲಸಕ್ಕೂ ಕರ್ತವ್ಯಕ್ಕೂ ಸಂಬಂಧವಿದ್ದರೆ ಈ ರಕ್ಷಣೆ ಇದೆ ಎಂದು 2020ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಡವರಿಗೆ ಈ ದಾರಿ ಕಷ್ಟದ್ದೇ.

ಆದ್ದರಿಂದ ಮೊದಲ ದಿನವೇ ಎಚ್ಚರ ಬೇಕು. ಬೈಕ್, ಮೊಬೈಲ್, ಒಡವೆ ಏನೇ ಜಪ್ತಿಯಾದರೂ ಪಟ್ಟಿಯಲ್ಲಿ ಪ್ರತಿಯೊಂದೂ ಬರೆದಿದೆಯೇ ನೋಡಿ, ಪ್ರತಿ ಕೇಳಿ. ಬಿಡುಗಡೆಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಬೇಗ ಅರ್ಜಿ ಹಾಕಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ವಸ್ತು ನ್ಯಾಯಾಲಯದ ಮುಂದೆ ಬಂದ 14 ದಿನಗಳಲ್ಲಿ ಅದರ ವಿವರ ದಾಖಲಾಗಬೇಕು, ಫೋಟೋ ಅಥವಾ ವಿಡಿಯೋ ತೆಗೆಸಬೇಕು.

ಯಾರೋ ಅಮಾನತಾದರು ಎಂದ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ಅಮಾನತ್ ಮನೆಗೆ ಬಂದಾಗಲೇ ಲೆಕ್ಕ ಚುಕ್ತಾ.