ಈಜುವ ಮೊದಲು ತೇಲುವುದು: ನೌಕಾ ತರಬೇತಿಯ ಈಜು ಪರೀಕ್ಷೆಗೆ ಎಂಟು ವಾರಗಳ ತಯಾರಿ

ನೌಕಾಪಡೆಗೆ ಅಗ್ನಿವೀರನಾಗಲು ಹೊರಟ ಹುಡುಗ 1.6 ಕಿಲೋಮೀಟರನ್ನು ಆರೂವರೆ ನಿಮಿಷದಲ್ಲಿ ಓಡಿ ಮುಗಿಸಬೇಕು. ಹುಡುಗಿಗೆ ಎಂಟು ನಿಮಿಷ. ಬಸ್ಕಿ, ದಂಡ ಹೊಡೆಯಬೇಕು. ಲಿಖಿತ ಪರೀಕ್ಷೆ, ವೈದ್ಯಕೀಯ ತಪಾಸಣೆ ದಾಟಬೇಕು. ಆದರೆ ಈಜು ಬರುತ್ತದೆಯೇ ಎಂದು ನೀರಿಗಿಳಿಸಿ ನೋಡುವುದಿಲ್ಲ. ಈಜು, ಆಟೋಟ ಗೊತ್ತಿದ್ದರೆ ಒಳ್ಳೆಯದು ಎಂಬರ್ಥದ ಒಂದು ಸಾಲು ನೇಮಕಾತಿ ಪ್ರಕಟಣೆಗಳಲ್ಲಿ ಇರುತ್ತದೆ, ಅಷ್ಟೆ. ಆ ಸಾಲಿನ ತೂಕ ತಿಳಿಯುವುದು ಒಡಿಶಾದ ಚಿಲಿಕಾ ಸರೋವರದ ಬಳಿಯ ಐಎನ್‌ಎಸ್ ಚಿಲ್ಕಾ ತರಬೇತಿ ಕೇಂದ್ರ ಸೇರಿ, ಆಳದ ಕೊಳದ ಅಂಚಿನಲ್ಲಿ ನಿಂತಾಗ.

2023ರ ಮಾರ್ಚ್ 28ರಂದು ಅಲ್ಲಿಂದ ಹೊರಬಿದ್ದ ಮೊದಲ ಅಗ್ನಿವೀರ ತಂಡದಲ್ಲಿ ಸುಮಾರು 2,600 ಮಂದಿ ಇದ್ದರು. ಅವರಲ್ಲಿ 270ಕ್ಕೂ ಹೆಚ್ಚು ಹೆಣ್ಣುಮಕ್ಕಳು. ಇಂಥ ತಂಡಗಳಲ್ಲಿ ಕಡಲ ಮಡಿಲಲ್ಲೇ ಬೆಳೆದವರೂ ಇರುತ್ತಾರೆ, ಎದೆಮಟ್ಟದ ನೀರಿಗೂ ಇಳಿಯದ ಬಯಲುಸೀಮೆಯವರೂ ಇರುತ್ತಾರೆ. ತರಬೇತಿಯಲ್ಲಿ ಇಬ್ಬರಿಗೂ ಅದೇ ನೀರು. ಹೀಗಾಗಿ ಓಟಕ್ಕೆ ಬೆಳಗಿನ ಐದು ಗಂಟೆಗೇ ಎದ್ದು ಬೆವರು ಹರಿಸುವವರು, ಊರು ಬಿಡುವ ಮುನ್ನ ಎರಡು ತಿಂಗಳನ್ನು ನೀರಿಗೂ ಎತ್ತಿಡುವುದು ಜಾಣತನ.

ಪರೀಕ್ಷೆ ಕೇಳುವುದೇನನ್ನು?

ಸೇನೆಯ ಈಜು ಪರೀಕ್ಷೆ ಎಂದ ಕೂಡಲೇ ಒಲಿಂಪಿಕ್ಸ್‌ನ ವೇಗ ಕಣ್ಣಮುಂದೆ ಬರುತ್ತದೆ. ನಿಜವಾದ ಪರೀಕ್ಷೆಗೆ ವೇಗದ ಗೊಡವೆಯೇ ಕಡಿಮೆ. ಅಮೆರಿಕದ ನೌಕಾಪಡೆಯ ಪರೀಕ್ಷೆ ಇದಕ್ಕೆ ಒಳ್ಳೆಯ ಉದಾಹರಣೆ. ಷಿಕಾಗೊದ ಉತ್ತರಕ್ಕಿರುವ ಗ್ರೇಟ್ ಲೇಕ್ಸ್ ಕೇಂದ್ರದಲ್ಲಿ ಆರಂಭಿಕ ತರಬೇತಿ ಮುಗಿಸಬೇಕಾದರೆ ಪ್ರತಿಯೊಬ್ಬರೂ 'ಥರ್ಡ್ ಕ್ಲಾಸ್' ಈಜು ಅರ್ಹತೆ ಗಳಿಸಲೇಬೇಕು. ಅದರಲ್ಲಿ ಎತ್ತರದ ಕಟ್ಟೆಯಿಂದ ಆಳದ ನೀರಿಗೆ ಜಿಗಿಯುವುದು, ಯಾವುದೇ ಶೈಲಿಯಲ್ಲಿ 50 ಗಜ ಈಜುವುದು, ಮುಖ ಕೆಳಗೆ ಮಾಡಿ ಐದು ನಿಮಿಷ ತೇಲುವುದು, ತೊಟ್ಟ ಬಟ್ಟೆಯಲ್ಲೇ ಗಾಳಿ ತುಂಬಿಸಿ ಅದನ್ನು ಆಸರೆ ಮಾಡಿಕೊಳ್ಳುವುದು ಸೇರಿವೆ. 50 ಗಜವೆಂದರೆ ಸುಮಾರು 46 ಮೀಟರ್. ನಮ್ಮ 25 ಮೀಟರಿನ ಕೊಳದಲ್ಲಿ ಒಮ್ಮೆ ಹೋಗಿ ಬಂದರೆ ಮುಗಿಯಿತು.

ದೇಶ, ಪಡೆ ಬದಲಾದಂತೆ ದೂರ, ಸಮಯ, ಎತ್ತರ ಬದಲಾಗುತ್ತವೆ. ಅಮೆರಿಕದ ಮೆರೀನ್ ಪಡೆಯ ಮೂಲ ಪರೀಕ್ಷೆಯಲ್ಲಿ ನಾಲ್ಕು ನಿಮಿಷ ಆಳದ ನೀರಲ್ಲಿ ನಿಂತಲ್ಲೇ ತೇಲಬೇಕು, ಬೆನ್ನಚೀಲದೊಂದಿಗೆ 25 ಮೀಟರ್ ಸಾಗಬೇಕು. ಲೆಕ್ಕ ಏನೇ ಇರಲಿ, ಕೇಳುವುದು ಒಂದನ್ನೇ: ಹಡಗು ಕೈಬಿಟ್ಟರೆ, ಸಹಾಯ ಬರುವವರೆಗೆ ಈ ಮನುಷ್ಯ ಗಾಬರಿಯಾಗದೆ ನೀರಿನ ಮೇಲೆ ಇರಬಲ್ಲನೇ?

ಗ್ರೇಟ್ ಲೇಕ್ಸ್‌ನ ಆ ಈಜುಕೊಳಕ್ಕೆ 'ಯುಎಸ್‌ಎಸ್ ಇಂಡಿಯಾನಾಪೊಲಿಸ್' ಎಂಬ ಯುದ್ಧನೌಕೆಯ ಹೆಸರಿಟ್ಟಿದ್ದಾರೆ. 1945ರ ಜುಲೈ 30ರ ನಡುರಾತ್ರಿ ಜಪಾನಿನ ಜಲಾಂತರ್ಗಾಮಿಯೊಂದರ ಟಾರ್ಪಿಡೊ ಬಡಿದು ಆ ಹಡಗು ಕೇವಲ 12 ನಿಮಿಷಗಳಲ್ಲಿ ಮುಳುಗಿತು. ಹಡಗಿನಲ್ಲಿದ್ದವರು 1,195 ಜನ. ಸುಮಾರು 300 ಮಂದಿ ಹಡಗಿನೊಂದಿಗೇ ಹೋದರು, ಉಳಿದವರು ಪೆಸಿಫಿಕ್ ಸಾಗರದ ನೀರಿಗಿಳಿದರು. ವಿಮಾನವೊಂದರ ಕಣ್ಣಿಗೆ ಅವರು ಬಿದ್ದದ್ದು ಆಗಸ್ಟ್ 2ರಂದು. ಬಿಳಿ ಬೂರುಗದಿಂದ ಬರುವ ಅರಳೆ ತುಂಬಿದ ಅವರ ಜೀವರಕ್ಷಕ ಕವಚಗಳು ಅಷ್ಟರಲ್ಲಿ ನೀರು ಕುಡಿದು ಭಾರವಾಗಿದ್ದವು. ಕೊನೆಗೆ ಬದುಕಿ ಬಂದವರು 316 ಮಂದಿ. ಐದು ನಿಮಿಷ ತೇಲಿ ತೋರಿಸು ಎಂದು ಬೋಧಕರು ಪಟ್ಟು ಹಿಡಿಯುವುದರ ಹಿಂದೆ ಇಂಥ ರಾತ್ರಿಗಳ ನೆನಪಿದೆ.

ಹಾಗಾಗಿ ತಯಾರಿಯ ಕ್ರಮವೂ ಅದಕ್ಕೆ ತಕ್ಕಂತಿರಬೇಕು: ಮೊದಲು ಉಸಿರು, ಆಮೇಲೆ ತೇಲುವುದು, ಅದಾದ ಮೇಲೆ ಈಜು, ಮುಂದೆ ಜಿಗಿತ, ಕೊನೆಗೆ ಬಟ್ಟೆ ತೊಟ್ಟ ಈಜು. ವಾರಕ್ಕೆ ನಾಲ್ಕು ದಿನ, ದಿನಕ್ಕೆ 45 ನಿಮಿಷ ಕೊಟ್ಟರೆ ಎಂಟು ವಾರ ಸಾಕಾಗುತ್ತದೆ.

ಹಂತ 1: ಉಸಿರು (ಮೊದಲ ವಾರ)

ಎದೆಮಟ್ಟದ ನೀರಲ್ಲಿ ನಿಂತು, ಬಾಯಿಂದ ಉಸಿರೆಳೆದುಕೊಂಡು, ಮುಖ ಮುಳುಗಿಸಿ, ಮೂಗು ಬಾಯಿಂದ ಗುಳ್ಳೆ ಬಿಡುತ್ತಾ ನಿಧಾನವಾಗಿ ಉಸಿರು ಹೊರಹಾಕಬೇಕು. ಹೊಸಬರು ನೀರೊಳಗೆ ಉಸಿರು ಬಿಗಿಹಿಡಿಯುತ್ತಾರೆ. ತಲೆ ಎತ್ತಿದ ಮೇಲೆ ಬಿಡುವುದು, ಎಳೆಯುವುದು ಎರಡನ್ನೂ ಅರೆಕ್ಷಣದಲ್ಲಿ ಮಾಡಲು ಹೋಗಿ ನೀರು ಕುಡಿಯುತ್ತಾರೆ. ಒಂದೇ ಲಯದಲ್ಲಿ ಇಪ್ಪತ್ತು ಬಾರಿ ಮುಳುಗಿ ಏಳಲು ಬಂದರೆ ಮುಂದಿನ ಹಂತ.

ಈ ವಾರದಿಂದಲೇ ಗಾಗಲ್ಸ್ ಇಲ್ಲದೆ ಕಣ್ಣು ಬಿಡುವುದನ್ನೂ ರೂಢಿಸಿಕೊಳ್ಳಬೇಕು. ಹಡಗು ಬಿಡುವ ಹೊತ್ತಿನಲ್ಲಿ ಯಾರ ಬಳಿಯೂ ಗಾಗಲ್ಸ್ ಇರುವುದಿಲ್ಲ.

ಹಂತ 2: ತೇಲುವುದು (ಎರಡನೇ ವಾರ)

ಓಡಿ ಓಡಿ ಮೈ ಹುರಿಗೊಳಿಸಿಕೊಂಡ ಹುಡುಗನಿಗೆ ಇಲ್ಲಿ ಅಚ್ಚರಿ ಕಾದಿರುತ್ತದೆ: ಅವನ ಕಾಲು ಮುಳುಗುತ್ತವೆ. ಸ್ನಾಯು ಕೊಬ್ಬಿಗಿಂತ ಸಾಂದ್ರ. ಗಾಳಿ ತುಂಬಿದ ಶ್ವಾಸಕೋಶ ಎದೆಯನ್ನು ಮೇಲೆತ್ತುತ್ತದೆ, ತೊಡೆಯ ಭಾರ ಕೆಳಕ್ಕೆಳೆಯುತ್ತದೆ. ಇದು ತಪ್ಪಲ್ಲ, ದೇಹದ ಸ್ವಭಾವ. ಎರಡೂ ಕೈಯನ್ನು ತಲೆಯ ಮುಂದಕ್ಕೆ ಚಾಚಿದರೆ, ತಲೆಯನ್ನು ನೀರೊಳಗೆ ಸಡಿಲ ಬಿಟ್ಟರೆ, ತೂಕ ಹಂಚಿಹೋಗಿ ಕಾಲು ತುಸು ಮೇಲೇಳುತ್ತವೆ. ತಲೆ ಎತ್ತಿದಷ್ಟೂ ಸೊಂಟ ಇಳಿಯುತ್ತದೆ.

ಮುಖ ಕೆಳಗಾಗಿ ತೇಲುವುದಕ್ಕೆ ನಾಲ್ಕು ಚಲನೆ ಸಾಕು. ಎದೆ ತುಂಬ ಉಸಿರು ತೆಗೆದುಕೊಂಡು, ಮುಖ ನೀರಲ್ಲಿಟ್ಟು, ಕೈಕಾಲು ಸಡಿಲ ಬಿಟ್ಟು ಜೋತುಬೀಳಬೇಕು. ಉಸಿರು ಬೇಕೆನಿಸುವ ಮುನ್ನವೇ ಕೈಯನ್ನು ಮೆಲ್ಲಗೆ ಮುಂದೆ ತರಬೇಕು. ಮುಖ ಎತ್ತುತ್ತಾ ಉಸಿರು ಬಿಟ್ಟು, ಕೈಯಿಂದ ನೀರನ್ನು ಕೆಳಕ್ಕೊತ್ತಿ ಹೊಸ ಉಸಿರೆಳೆಯಬೇಕು. ಮತ್ತೆ ಮುಖ ಇಳಿಸಿ ಸುಮ್ಮನಾಗಬೇಕು. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಈಜು ತರಬೇತುದಾರ ಫ್ರೆಡ್ ಲನೂ 1940ರಲ್ಲಿ ರೂಪಿಸಿದ ವಿಧಾನವೂ ಇದೇ ಬಗೆಯದು. ದಣಿದವನೂ ಅದರಿಂದ ಬಹಳ ಹೊತ್ತು ಮೇಲಿರಬಲ್ಲ.

ಮೊದಲ ದಿನ ಒಂದು ನಿಮಿಷ, ವಾರದ ಕೊನೆಗೆ ಎರಡು. ಅಲ್ಲಿಂದ ಪ್ರತಿ ವಾರ ಒಂದೊಂದು ನಿಮಿಷ ಹೆಚ್ಚಿಸಬೇಕು. ಬೆನ್ನ ಮೇಲೆ ತೇಲುವುದನ್ನೂ ಇದರ ಜೊತೆಗೇ ಕಲಿಯಬೇಕು.

ಹಂತ 3: ದೂರ (ಮೂರು, ನಾಲ್ಕನೇ ವಾರ)

ಬೆನ್ನಿಗೆ ಸೋರೆಬುರುಡೆಯನ್ನೋ ಖಾಲಿ ಕ್ಯಾನನ್ನೋ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಸು ಕಲಿತವರು ನಮ್ಮಲ್ಲಿ ಸಾಕಷ್ಟಿದ್ದಾರೆ. ನೀರಿನ ಭಯ ಇಲ್ಲದಿರುವುದು ಅವರ ದೊಡ್ಡ ಆಸ್ತಿ. ಆದರೆ ಬಾವಿಯ ಈಜು ಹತ್ತಿಪ್ಪತ್ತು ಅಡಿಯದು: ತಲೆ ಎತ್ತಿಕೊಂಡು, ಕೈಕಾಲು ಬಡಿದು, ಆಚೆ ದಡದ ಕಲ್ಲು ಹಿಡಿಯುವುದು. ಅದೇ ರಭಸದಲ್ಲಿ 50 ಮೀಟರಿಗೆ ಹೊರಟರೆ ಅರ್ಧಕ್ಕೇ ದಮ್ಮು ಕಟ್ಟುತ್ತದೆ.

ಶೈಲಿಯ ಆಯ್ಕೆ ಅಭ್ಯರ್ಥಿಗೆ ಬಿಟ್ಟದ್ದಾದರೆ ಬ್ರೆಸ್ಟ್‌ಸ್ಟ್ರೋಕ್ ಒಳ್ಳೆಯದು. ಪ್ರತಿ ಬೀಸಿಗೂ ಉಸಿರು ಸಿಗುತ್ತದೆ, ಮುಂದೇನಿದೆ ಎಂಬುದು ಕಾಣುತ್ತದೆ. ಕಪ್ಪೆಯಂತೆ ಕಾಲು ಒದ್ದ ಮೇಲೆ ಎರಡು ಎಣಿಸುವಷ್ಟು ಹೊತ್ತು ಮೈಚಾಚಿ ಸುಮ್ಮನೆ ಜಾರಬೇಕು. ವಿಶ್ರಾಂತಿ ಸಿಗುವುದು ಆ ಜಾರಿಕೆಯಲ್ಲೇ. ಮೂರನೇ ವಾರ ಕೊಳದ ಅಗಲವನ್ನು ಎಂಟು ಬಾರಿ, ನಾಲ್ಕನೇ ವಾರ 25 ಮೀಟರನ್ನು ನಾಲ್ಕು ಬಾರಿ, ನಡುವೆ ಒಂದು ನಿಮಿಷ ಬಿಡುವು. ಸುಸ್ತಾದಾಗ ಗೋಡೆ ಹಿಡಿಯುವ ಬದಲು ಬೆನ್ನ ಮೇಲೆ ಮಗುಚಿ, ಹತ್ತು ಉಸಿರು ತೇಲಿ, ಮತ್ತೆ ಮುಂದುವರಿಯುವುದು ಇಲ್ಲಿಯ ಮುಖ್ಯ ಪಾಠ.

ಹಂತ 4: ಆಳ ಮತ್ತು ಜಿಗಿತ (ಐದು, ಆರನೇ ವಾರ)

ಕಾಲಿಗೆ ನೆಲ ಸಿಗದ ಕಡೆಗೆ ಕೋಚ್ ಜೊತೆ ಹೋಗುವುದು ಐದನೇ ವಾರ. ಕೈಯನ್ನು ಬೆಣ್ಣೆ ಸವರಿದಂತೆ ಅಡ್ಡಡ್ಡ ಆಡಿಸುತ್ತಾ, ಕಾಲನ್ನು ನಿಧಾನ ಒದೆಯುತ್ತಾ ನಿಂತಲ್ಲೇ ತೇಲಬೇಕು. ಮೊದಲು 30 ಸೆಕೆಂಡು, ಆಮೇಲೆ ಎರಡು ನಿಮಿಷ, ನಾಲ್ಕು ನಿಮಿಷ.

ಜಿಗಿತಕ್ಕೆ ಕೊಳದ ಅಂಚಿನಿಂದಲೇ ಶುರು. ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ಒಂದು ಕೈಯಿಂದ ಮೂಗು ಬಾಯಿ ಮುಚ್ಚಿ, ಇನ್ನೊಂದನ್ನು ಎದೆಗೆ ಅಡ್ಡವಾಗಿಟ್ಟು, ದೃಷ್ಟಿ ನೇರ ಮುಂದಿರಿಸಿ ಒಂದು ಹೆಜ್ಜೆ ಮುಂದಿಡಬೇಕು. ಹಾರುವುದಲ್ಲ, ಹೆಜ್ಜೆ ಇಡುವುದು. ಗಾಳಿಯಲ್ಲಿರುವಾಗ ಪಾದಗಳು ಒಂದರ ಮೇಲೊಂದು ಸೇರಬೇಕು. ಕೆಳಗೆ ನೋಡಿದರೆ ಮೈ ಮುಂದಕ್ಕೆ ಬಾಗಿ ನೀರು ಹೊಟ್ಟೆಗೆ, ಮುಖಕ್ಕೆ ಬಡಿಯುತ್ತದೆ. ಮುಳುಗಿದ ಮೇಲೆ ತಕ್ಷಣ ಒದೆಯದೆ ಒಂದು ಕ್ಷಣ ತಡೆದರೆ ನೀರೇ ಮೇಲಕ್ಕೆ ತರುತ್ತದೆ. ಇದನ್ನು ಹತ್ತು ಸಲ ಅನುಭವಿಸಿದವನ ಮುಖದಲ್ಲಿ ಹಳೆಯ ಹೆದರಿಕೆ ಇರುವುದಿಲ್ಲ.

ಹಂತ 5: ಬಟ್ಟೆ (ಏಳನೇ ವಾರ)

ಒದ್ದೆ ಬಟ್ಟೆ ನೀರನ್ನು ಎಳೆಯುತ್ತದೆ, ಪ್ರತಿ ಬೀಸಿಗೂ ಭಾರ ಕೊಡುತ್ತದೆ. ಕೊಳದ ಮೇಲ್ವಿಚಾರಕರ ಒಪ್ಪಿಗೆ ಪಡೆದು, ಒಗೆದ ಪೂರ್ಣ ತೋಳಿನ ಅಂಗಿ, ಹತ್ತಿಯ ಪ್ಯಾಂಟ್ ತೊಟ್ಟು 25 ಮೀಟರ್ ಈಜಿದರೆ ಆ ಭಾರ ಮೊದಲೇ ಪರಿಚಯವಾಗುತ್ತದೆ. ಪ್ಯಾಂಟನ್ನು ನೀರಲ್ಲೇ ಬಿಚ್ಚಿ, ಕಾಲುಗಳ ತುದಿಗೆ ಗಂಟು ಹಾಕಿ, ಜಿಪ್ ಮುಚ್ಚಿ, ಸೊಂಟಪಟ್ಟಿ ಹಿಡಿದು ತಲೆಯ ಹಿಂದಿನಿಂದ ಮುಂದಕ್ಕೆ ಬೀಸಿದರೆ ಗಾಳಿ ತುಂಬುತ್ತದೆ. ಸೊಂಟಪಟ್ಟಿಯನ್ನು ನೀರೊಳಗೆ ಬಿಗಿಹಿಡಿದು ಎರಡು ಕಾಲುಗಳ ನಡುವೆ ಕುತ್ತಿಗೆ ಇಟ್ಟರೆ ಅದೇ ತೆಪ್ಪ. ನೂಲಿನ ಸಂದುಗಳನ್ನು ನೀರು ಮುಚ್ಚಿದಾಗ ಮಾತ್ರ ಗಾಳಿ ನಿಲ್ಲುತ್ತದೆ. ಆದ್ದರಿಂದ ಬಟ್ಟೆಯ ಮೇಲೆ ಆಗಾಗ ನೀರು ಚಿಮುಕಿಸುತ್ತಿರಬೇಕು. ಮೊದಲ ಪ್ರಯತ್ನ ಎದೆಮಟ್ಟದ ನೀರಲ್ಲೇ ಆಗಲಿ.

ಮಾಡಬಾರದ್ದು

ಅಭ್ಯಾಸ ಲೈಫ್‌ಗಾರ್ಡ್ ಇರುವ ಈಜುಕೊಳದಲ್ಲೇ ಆಗಬೇಕು. ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರ್, ಮಂಗಳೂರಿನ ಮಂಗಳಾ ಈಜುಕೊಳದಂಥವು ಇವೆ; ಹಲವು ಜಿಲ್ಲಾ ಕೇಂದ್ರಗಳಲ್ಲಿ ಕ್ರೀಡಾ ಇಲಾಖೆಯ ಕೊಳಗಳಿವೆ. ಕಲ್ಲುಕ್ವಾರಿಯ ಹೊಂಡ, ಹೂಳು ತುಂಬಿದ ಕೆರೆ, ಕಾಂಕ್ರೀಟ್ ಹಾಸಿದ ಕಾಲುವೆ ಅಭ್ಯಾಸದ ಜಾಗಗಳಲ್ಲ. ಕಾಲುವೆಯ ಇಳಿಜಾರು ಪಾಚಿ ಕಟ್ಟಿರುತ್ತದೆ. ಈಜು ಬಲ್ಲವನಿಗೂ ಹತ್ತಿ ಬರಲು ಹಿಡಿತ ಸಿಗದು.

ನೀರೊಳಗೆ ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ ಎಂಬ ಪಂದ್ಯ ಬೇಡವೇ ಬೇಡ. ಮುಳುಗುವ ಮುನ್ನ ಜೋರಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ಎಚ್ಚರಿಕೆ ದೇಹಕ್ಕೆ ತಡವಾಗಿ ಬರುತ್ತದೆ. ಅದಕ್ಕೂ ಮೊದಲೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವವರೂ ಹೀಗೆ ಸದ್ದಿಲ್ಲದೆ ಸತ್ತಿದ್ದಾರೆ.

ತರಬೇತಿ ಕೇಂದ್ರದಲ್ಲಿ ಈಜು ಬರದಿದ್ದರೆ ಬರುವುದಿಲ್ಲ ಎಂದು ಬೋಧಕರಿಗೆ ಮೊದಲೇ ಹೇಳುವುದು ಅವಮಾನವಲ್ಲ. ಗ್ರೇಟ್ ಲೇಕ್ಸ್‌ನಲ್ಲಿ ಮೊದಲ ಸಲ ತೇರ್ಗಡೆಯಾಗದವರಿಗೆ ಪ್ರತ್ಯೇಕ ಪಾಠ ನಡೆಯುತ್ತದೆ. ಗೊತ್ತಿಲ್ಲದ್ದನ್ನು ಮುಚ್ಚಿಟ್ಟು ಜಿಗಿಯುವವನು ತನ್ನನ್ನೂ, ಎತ್ತಲು ಬರುವವನನ್ನೂ ಅಪಾಯಕ್ಕೆ ಒಡ್ಡುತ್ತಾನೆ.

ಕೊನೆಯ ವಾರ

ಎಂಟನೇ ವಾರ ಎಲ್ಲವನ್ನೂ ಪೋಣಿಸಬೇಕು. ಎರಡು ಗಂಟೆ ಮೊದಲು ಹಗುರವಾಗಿ ತಿಂದು, ಕೋಚ್ ಎದುರು ಜಿಗಿದು, ಬಿಡುವಿಲ್ಲದೆ 50 ಮೀಟರ್ ಈಜಿ, ಹಾಗೆಯೇ ಐದು ನಿಮಿಷ ಮುಖ ಕೆಳಗಾಗಿ ತೇಲಿ, ಏಣಿ ಮುಟ್ಟದೆ ಅಂಚು ಹಿಡಿದು ಮೇಲೇರಬೇಕು. ಒಂದು ದಿನ ಬಿಟ್ಟು ಒಂದು ದಿನ, ವಾರಕ್ಕೆ ಮೂರು ಸಲ. ಮೇಲೆ ಬಂದ ಕೂಡಲೇ ಗೆಳೆಯನೊಬ್ಬ ಹೆಸರು, ಊರು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಲಿ. ಏದುಸಿರಿಲ್ಲದೆ ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಚಿಲ್ಕಾಗೆ ಹೊರಡುವ ಚೀಲ ಕಟ್ಟಬಹುದು. ಮಾತು ನಡುವೆ ತುಂಡಾದರೆ ಮೂರನೇ ವಾರದ ಜಾರಿಕೆಗೆ ಮರಳಿ, ಇನ್ನೊಂದು ವಾರ ಅದನ್ನೇ ಮಾಡಬೇಕು.