ಹೆಸರು ಸಿಗದ ಕಾಯಿಲೆಯ ಖರ್ಚು

ಮನೆಯ ವೈದ್ಯಕೀಯ ವೆಚ್ಚದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಾಯಿಲೆಗೆ ಹೆಸರು ಸಿಕ್ಕ ಮೇಲಿನ ಖರ್ಚನ್ನು, ಅಂದರೆ ಶಸ್ತ್ರಚಿಕಿತ್ಸೆ, ಒಳರೋಗಿ ವಾಸ್ತವ್ಯ ಮತ್ತು ಔಷಧಗಳ ಖರ್ಚನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಸಾಧಾರಣ ಕುಟುಂಬಗಳ ಉಳಿತಾಯವನ್ನು ಸದ್ದಿಲ್ಲದೆ ಕರಗಿಸುವುದು ಅದಕ್ಕೂ ಹಿಂದಿನ ಘಟ್ಟ, ಏನಾಗಿದೆ ಎಂಬುದೇ ತಿಳಿಯದೆ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ, ಒಬ್ಬ ವೈದ್ಯರಿಂದ ಇನ್ನೊಬ್ಬರಲ್ಲಿಗೆ ಅಲೆಯುವ ಘಟ್ಟ. ಈ ಹುಡುಕಾಟದ ಖರ್ಚಿಗೆ ಸರ್ಕಾರದ ಯೋಜನೆಯಲ್ಲಾಗಲಿ ಖಾಸಗಿ ವಿಮೆಯಲ್ಲಾಗಲಿ ಸರಿಯಾದ ಜಾಗವಿಲ್ಲ.

ಮದ್ದೂರು ಸೀಮೆಯವರೇ ಆದ ಈ ಅಂಕಣದ ಲೇಖಕಿ ಕೆಲವು ವರ್ಷಗಳಿಂದ ಆ ಘಟ್ಟದಲ್ಲಿಯೇ ಬದುಕುತ್ತಿದ್ದಾರೆ. ನಿದ್ದೆ ಮುಗಿಸಿ ಏಳುವಾಗಲೇ ಇರುವ ಆಯಾಸ, ಬಿಟ್ಟುಬಿಟ್ಟು ಬರುವ ತಲೆನೋವು, ಮುಟ್ಟಿನ ಏರುಪೇರು, ಇವುಗಳ ಜೊತೆಗೆ ರಕ್ತಪರೀಕ್ಷೆಯ ವರದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಒಂದು ಅಂಕಿ: ಪ್ರೊಲ್ಯಾಕ್ಟಿನ್. ಇದು ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯೂಟರಿ ಗ್ರಂಥಿ ಸ್ರವಿಸುವ ಹಾರ್ಮೋನು. ಬಾಣಂತಿಯರಲ್ಲಿ ಎದೆಹಾಲು ಉತ್ಪತ್ತಿಯಾಗುವುದು ಇದರಿಂದಲೇ. ಗರ್ಭಿಣಿಯಲ್ಲದ ಮಹಿಳೆಯರಲ್ಲಿ ಇದರ ಪ್ರಮಾಣ ಪ್ರತಿ ಮಿಲಿಲೀಟರ್ ರಕ್ತಕ್ಕೆ ಸುಮಾರು 25 ನ್ಯಾನೊಗ್ರಾಂ ಒಳಗಿರಬೇಕೆಂದು ಹೆಚ್ಚಿನ ಪ್ರಯೋಗಾಲಯಗಳು ನಮೂದಿಸುತ್ತವೆ. ಇನ್ನೂರನ್ನು ಮೀರಿದ ಅಂಕಿ ಗ್ರಂಥಿಯಲ್ಲಿ ಗಡ್ಡೆಯಿರುವ ಸಾಧ್ಯತೆಯನ್ನು ಬಲವಾಗಿ ಸೂಚಿಸುತ್ತದೆ. ಆದರೆ ನಲವತ್ತು, ಐವತ್ತು, ಅರವತ್ತರ ಆಸುಪಾಸಿನಲ್ಲಿ ನಿಂತ ಅಂಕಿ ಒಂದನ್ನೇ ಇಟ್ಟುಕೊಂಡು ಏನನ್ನೂ ಖಚಿತವಾಗಿ ಹೇಳಲಾಗದು, ಮತ್ತು ಹಣ ಸೋರುವುದು ಈ ನಡುವಣ ಪ್ರದೇಶದಲ್ಲಿಯೇ.

ಇಷ್ಟು ಏರಿಕೆಗೆ ಕಾರಣಗಳು ಹಲವು, ಮತ್ತು ಅವುಗಳಲ್ಲಿ ಹೆಚ್ಚಿನವನ್ನು ಕಂಡುಹಿಡಿಯಲು ದೊಡ್ಡ ಮೊತ್ತ ಬೇಕಿಲ್ಲ. ಸೂಜಿಯ ಭಯ, ನಿದ್ದೆಗೇಡು, ಏದುಸಿರು ಬಿಡುತ್ತ ಬಂದು ಕೂತ ಕೂಡಲೇ ಕೊಟ್ಟ ರಕ್ತ, ಇವೂ ಅಂಕಿಯನ್ನು ಏರಿಸಬಲ್ಲವು. ಥೈರಾಯ್ಡ್ ಗ್ರಂಥಿಯ ಕೆಲಸ ಕುಂಠಿತವಾದಾಗಲೂ, ಮೂತ್ರಪಿಂಡ ಸೋತಾಗಲೂ ಪ್ರೊಲ್ಯಾಕ್ಟಿನ್ ಏರುತ್ತದೆ. ಗರ್ಭಧಾರಣೆಯಲ್ಲಿ ಅದು ಏರುವುದು ಸಹಜ. ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಔಷಧಗಳನ್ನು. ಹಳ್ಳಿಯಿಂದ ಪಟ್ಟಣದವರೆಗೆ ಎಲ್ಲ ಔಷಧಿ ಅಂಗಡಿಗಳಲ್ಲೂ ಜನ 'ಗ್ಯಾಸ್ ಮಾತ್ರೆ' ಎಂದು ಕೇಳಿ ಪಡೆಯುವ ಪಟ್ಟಿಯನ್ನು ತಿರುಗಿಸಿ ನೋಡಿದರೆ, ಬೆಳ್ಳಿಬಣ್ಣದ ಹಾಳೆಯ ಮೇಲಿನ ಸಣ್ಣಕ್ಷರದಲ್ಲಿ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆಗೆ ಡೊಂಪೆರಿಡೋನ್ ಇಲ್ಲವೇ ಲೆವೊಸಲ್ಪಿರೈಡ್ ಎಂಬ ಹೆಸರು ಅನೇಕ ಸಲ ಕಾಣುತ್ತದೆ, ಮತ್ತು ಈ ಎರಡೂ ಪ್ರೊಲ್ಯಾಕ್ಟಿನ್ನನ್ನು ಏರಿಸುವ ಔಷಧಗಳೇ. ವೈದ್ಯರು ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿದಾಗ ಗ್ಯಾಸ್ ಮಾತ್ರೆಯನ್ನು ಔಷಧವೆಂದೇ ಎಣಿಸದೆ 'ಏನೂ ಇಲ್ಲ' ಎಂದು ಹೇಳುವುದು ನಮ್ಮ ಕಡೆ ಸರ್ವೇಸಾಮಾನ್ಯ. ಲೇಖಕಿಯ ವಿಷಯದಲ್ಲಿ ಹಾರ್ಮೋನು ತಜ್ಞರು ಆ ಪಟ್ಟಿಯನ್ನೇ ತರಿಸಿ ನೋಡಿ, ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿ, ಪರೀಕ್ಷೆಯನ್ನು ಮರಳಿ ಮಾಡಿಸಿದರು. ಅಂಕಿ ಇಳಿಯಿತು, ಆದರೆ ಮಿತಿಯೊಳಗೆ ಬರಲಿಲ್ಲ, ಆಯಾಸವೂ ಹೋಗಲಿಲ್ಲ. (ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಗಳಿಂದಲೂ ಹೀಗಾಗುತ್ತದೆ; ಅವುಗಳನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ಯಾರೂ ನಿಲ್ಲಿಸಕೂಡದು.)

ಇಲ್ಲಿ ಖರ್ಚಿನ ಕ್ರಮವೇ ಮುಖ್ಯವಾಗುತ್ತದೆ. ವಿಶ್ರಾಂತಿಯ ನಂತರ ಮರುಪರೀಕ್ಷೆ, ಗರ್ಭಪರೀಕ್ಷೆ, ಥೈರಾಯ್ಡಿನ ಸ್ಥಿತಿ ತಿಳಿಸುವ ಟಿಎಸ್‌ಎಚ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಇವು ನೂರರ ಲೆಕ್ಕದ ಪರೀಕ್ಷೆಗಳು. ಅಂಕಿ ಹೆಚ್ಚಿದ್ದರೂ ಲಕ್ಷಣ ಕಡಿಮೆಯಿದ್ದಾಗ ಮ್ಯಾಕ್ರೊಪ್ರೊಲ್ಯಾಕ್ಟಿನ್ ಪರೀಕ್ಷೆ ನೆರವಾಗುತ್ತದೆ. ಪ್ರತಿಕಾಯಕ್ಕೆ ಅಂಟಿಕೊಂಡು ದೊಡ್ಡದಾಗಿ, ಯಂತ್ರದ ಎಣಿಕೆಗೆ ಸಿಕ್ಕಿದರೂ ದೇಹದಲ್ಲಿ ಹೆಚ್ಚೇನೂ ಕೆಲಸ ಮಾಡದ ಪ್ರೊಲ್ಯಾಕ್ಟಿನ್ನಿಗೆ ಆ ಹೆಸರು. ಪಿಟ್ಯೂಟರಿಯ ಎಂಆರ್‌ಐ ಸ್ಕ್ಯಾನ್ ಖಾಸಗಿಯಲ್ಲಿ ಸಾವಿರಗಳ ಲೆಕ್ಕದ್ದು. ಲೇಖಕಿಗೆ ಮೊದಲ ವರದಿಯ ಮೇಲೆಯೇ ಒಂದು ಖಾಸಗಿ ಕೇಂದ್ರದಲ್ಲಿ ಸ್ಕ್ಯಾನಿನ ಚೀಟಿ ಬರೆದುಕೊಡಲಾಗಿತ್ತು. ಮೇಲಿನವು ಮುಗಿದ ಮೇಲೆ ಸ್ಕ್ಯಾನ್ ಮಾಡಿಸಿದಾಗ ಗಡ್ಡೆ ಕಾಣಲಿಲ್ಲ. ಗಡ್ಡೆಯಿಲ್ಲವೆಂದು ತಿಳಿದದ್ದಕ್ಕೂ ಬೆಲೆಯಿದೆ ಎಂಬುದನ್ನು ಒಪ್ಪಲೇಬೇಕು.

ಯೋಜನೆಗಳ ವಿಷಯಕ್ಕೆ ಬಂದರೆ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕವು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ರಕ್ಷಣೆ ಕೊಡುತ್ತದೆ. ಆದರೆ ಪ್ಯಾಕೇಜ್ ಎಂದರೆ ಗೊತ್ತಾದ ಕಾಯಿಲೆಗೆ ಗೊತ್ತುಪಡಿಸಿದ ಚಿಕಿತ್ಸೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, ಮತ್ತೆ ಚಾಲನೆ ಪಡೆದ ಯಶಸ್ವಿನಿಯ ಬಲವೂ ಮುಖ್ಯವಾಗಿ ಶಸ್ತ್ರಚಿಕಿತ್ಸೆಯಲ್ಲಿದೆ. ಖಾಸಗಿ ಆರೋಗ್ಯ ವಿಮೆಯಲ್ಲಂತೂ ಕೇವಲ ತಪಾಸಣೆಗಾಗಿ ಆಸ್ಪತ್ರೆಗೆ ಸೇರಿದ ವೆಚ್ಚವನ್ನು ಹೊರಗಿಡುವ ಷರತ್ತು ಎಲ್ಲ ಕಂಪನಿಗಳಿಗೂ ಸಮಾನವಾದ ಪಟ್ಟಿಯಲ್ಲಿಯೇ ಇದೆ. 'ಸೇರಿಸಿಕೊಂಡರೆ ಕ್ಲೇಮ್ ಆಗುತ್ತದೆ' ಎಂಬ ಮಾತನ್ನು ನಂಬಿ ಹಾಸಿಗೆ ಹಿಡಿದವರು ಕೊನೆಗೆ ಹಾಸಿಗೆಯ ಬಾಡಿಗೆಯನ್ನೂ ಕೈಯಿಂದ ಕೊಡಬೇಕಾಗುತ್ತದೆ. ಇದಕ್ಕೆ ಹೊರತಾಗಿರುವುದು ಇಎಸ್‌ಐ ಒಂದೇ ಎನ್ನಬಹುದು: ತಿಂಗಳಿಗೆ 21,000 ರೂಪಾಯಿವರೆಗಿನ ಕೂಲಿಯ ಕಾರ್ಮಿಕರಿಂದ ಶೇ 0.75ರಷ್ಟು ಹಿಡಿದುಕೊಳ್ಳುವ ಈ ವ್ಯವಸ್ಥೆಯಲ್ಲಿ ಹೊರರೋಗಿ ತಪಾಸಣೆಯೂ ಸೇರಿದೆ, ಆದ್ದರಿಂದ ಗೆಜ್ಜಲಗೆರೆ, ಸೋಮನಹಳ್ಳಿ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಖಾಸಗಿ ಲ್ಯಾಬಿಗೆ ಹೋಗುವ ಮೊದಲು ತಮ್ಮ ಇಎಸ್‌ಐ ಸಂಖ್ಯೆಯನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು.

ಹುಡುಕಾಟದ ಖರ್ಚಿಗೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಈ ಜಿಲ್ಲೆಯ ಆದಾಯದ ಸ್ವರೂಪದಲ್ಲಿಯೇ ಉತ್ತರವಿದೆ. ಕಬ್ಬಿನ ದುಡ್ಡು ದೊಡ್ಡದು, ಆದರೆ ಅದು ಬರುವ ದಿನ ರೈತನ ಕೈಯಲ್ಲಿಲ್ಲ. ಪೂರೈಸಿದ 14 ದಿನಗಳೊಳಗೆ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ ಬಾಕಿಗಾಗಿ ಕಾಯುವುದು ಇಲ್ಲಿ ಹೊಸದಲ್ಲ. ಡೇರಿಯ ಬಟವಾಡೆ ಚಿಕ್ಕದು, ಆದರೆ ತಪ್ಪದೆ ಬರುತ್ತದೆ, ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಗಸಿನ ಖಾತೆಗೇ ಬೀಳುತ್ತದೆ. ಲೇಖಕಿಯ ಮನೆಯಲ್ಲಿ ಬಟವಾಡೆಯ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ, ಅದನ್ನು ಪರೀಕ್ಷೆ, ವೈದ್ಯರ ಶುಲ್ಕಗಳಿಗೆ ಮಾತ್ರ ಮುಟ್ಟುವ ಪದ್ಧತಿ ಬೆಳೆದಿದೆ. ಸಂಘದ ಸಾಲ ಅಥವಾ ಮೈಕ್ರೊಫೈನಾನ್ಸ್ ಸಾಲ ತಂದು ರಕ್ತಪರೀಕ್ಷೆ ಮಾಡಿಸುವುದು, ಈ ಅಂಕಣದ ದೃಢ ಅಭಿಪ್ರಾಯದಲ್ಲಿ, ಯಾವ ಕುಟುಂಬಕ್ಕೂ ಬರಬಾರದ ಸ್ಥಿತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸು ಮಹಿಳೆಯರಿಗೆ ಉಚಿತವಾದ ಮೇಲೆ ಮಳವಳ್ಳಿಯಿಂದ ಮಂಡ್ಯದ ಮಿಮ್ಸ್ ಬೋಧಕ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗುವ ಪ್ರಯಾಣವೆಚ್ಚ ಉಳಿದಿದೆ, ಆದರೆ ಕಳೆದುಹೋದ ದಿನದ ಕೂಲಿ ಉಳಿದಿಲ್ಲ.

ವಿಮೆ ಕೊಳ್ಳುವಾಗ ಏರಿದ ಅಂಕಿಯನ್ನು ಮುಚ್ಚಿಡುವುದು ದುಬಾರಿಯಾಗುತ್ತದೆ. ಕಾಯಿಲೆಗೆ ಹೆಸರು ಸಿಗದಿದ್ದರೂ ಅದಕ್ಕಾಗಿ ವೈದ್ಯರ ಸಲಹೆ ಪಡೆದದ್ದು ಪೂರ್ವಸ್ಥಿತ ಕಾಯಿಲೆಯ ವ್ಯಾಖ್ಯೆಯೊಳಗೆ ಬರುತ್ತದೆ. 2024ರ ನಿಯಮಗಳಂತೆ ಅದಕ್ಕೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಹೇಳಿ ಕಾಯುವುದು ಲೇಸು, ಹೇಳದೆ ಪಾಲಿಸಿಯನ್ನೇ ಕಳೆದುಕೊಳ್ಳುವುದಲ್ಲ.

ಲೇಖಕಿಯ ಅಂಕಿ ಈಗಲೂ ಮಿತಿಗಿಂತ ಸ್ವಲ್ಪ ಮೇಲಿದೆ, ಕಾರಣ ತಿಳಿದಿಲ್ಲ, ತಜ್ಞರ ಸಲಹೆಯಂತೆ ಕಾಲಕಾಲಕ್ಕೆ ಮರುಪರೀಕ್ಷೆಯಷ್ಟೇ ನಡೆಯುತ್ತಿದೆ. ಆದರೆ ಓದುಗರಲ್ಲಿ ಯಾರಿಗೇ ಆಗಲಿ ಇಂಥ ವರದಿಯ ಜೊತೆಗೆ ಕಣ್ಣಿನ ಪಕ್ಕದ ನೋಟ ಮಸುಕಾದರೆ ಅಥವಾ ಹಠಾತ್ತನೆ ತೀವ್ರ ತಲೆನೋವು ಬಂದರೆ, ಮೇಲೆ ಹೇಳಿದ ಕ್ರಮವನ್ನೂ ಹಣದ ಲೆಕ್ಕವನ್ನೂ ಬದಿಗಿಟ್ಟು ಅಂದೇ ದೊಡ್ಡ ಆಸ್ಪತ್ರೆಗೆ ಹೊರಡಿ.