ಕಂಡದ್ದು ಎಡಕ್ಕೆ, ಊಹಿಸಿದ್ದು ಬಲಕ್ಕೆ

ಬಿ.ಎಸ್ಸಿ.ಗೆ ಜಿಯಾಲಜಿ ತೆಗೆದುಕೊಳ್ಳುವವರಲ್ಲಿ ಅದನ್ನೇ ಬಯಸಿ ಬಂದವರು ಕಡಿಮೆ. ಬಹುತೇಕ ಪಿಯು ಕಾಲೇಜುಗಳಲ್ಲಿ ಆ ವಿಷಯವೇ ಇರುವುದಿಲ್ಲ. ರುಚಿ ನೋಡದ್ದನ್ನು ಬಯಸುವುದಾದರೂ ಹೇಗೆ? ನಮ್ಮ ತರಗತಿಯೂ ಹಾಗೇ ಇತ್ತು. ಇಂಜಿನಿಯರಿಂಗ್ ಸೀಟು ಕೈತಪ್ಪಿದವರು, ಎಲೆಕ್ಟ್ರಾನಿಕ್ಸ್‌ಗೆ ಪರ್ಸೆಂಟೇಜ್ ಸಾಲದವರು, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆ ಮೂರನೆಯದು ಏನಾದರೂ ಇರಲಿ ಎಂದವರು. ನಾನು ಆ ಕೊನೆಯ ಗುಂಪಿನವಳು. ಊರು ಚಿತ್ರದುರ್ಗದ ಕಡೆ, ಕಲ್ಲಿಗೇನೂ ಬರವಿರಲಿಲ್ಲ. ಪ್ರತಿ ಮುಂಗಾರಿಗೂ ಹೊಲದಿಂದ ಆರಿಸಿ ಬದುವಿಗೆ ಹಾಕಿದಷ್ಟೂ ಮತ್ತೆ ಏಳುತ್ತಿದ್ದವು. "ಇದನ್ನ ಓದೋಕೆ ಕಾಲೇಜಿಗೆ ಹೋಗ್ಬೇಕೇನವ್ವಾ?" ಎಂದು ಅಪ್ಪ ನಗುತ್ತ ಕೇಳಿದ್ದರು.

ಮೊದಲ ವರ್ಷದ ಲ್ಯಾಬ್ ಎಂದರೆ ಸ್ಪಾಟರ್. ಉದ್ದನೆಯ ಮೇಜಿನ ಮೇಲೆ ನಂಬರ್ ಹಚ್ಚಿದ ಖನಿಜಗಳ ಸಾಲು. ಒಂದೊಂದರ ಮುಂದೆ ನಿಂತು ಹೆಸರು, ಗಡಸುತನ, ಹೊಳಪು, ಉಪಯೋಗ ಬರೆಯಬೇಕು. ವರ್ಷವರ್ಷವೂ ಅವೇ ಕಲ್ಲುಗಳು. ಹಾಗಾಗಿ ಸೀನಿಯರ್‌ಗಳಿಂದ ನಮಗೆ ಬಂದ ಆಸ್ತಿ ಹೀಗಿತ್ತು: ಮೂಲೆ ಮುಕ್ಕಾದದ್ದು ಹಾರ್ನ್‌ಬ್ಲೆಂಡ್, ಇಂಕಿನ ಕಲೆ ಇರುವುದು ಮ್ಯಾಗ್ನಟೈಟ್. ಇದರಿಂದ ಮಾರ್ಕ್ಸ್ ಬರುತ್ತದೆ, ಖಂಡಿತ ಬರುತ್ತದೆ. ಆದರೆ ಬೆಟ್ಟದ ಮೇಲಿನ ಹಾರ್ನ್‌ಬ್ಲೆಂಡ್‌ಗೆ ಮುಕ್ಕಾದ ಮೂಲೆ ಇರುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಪರೀಕ್ಷೆ ಮಾಡಿ ನೋಡುವ ಅಭ್ಯಾಸ ಒಂದೇ. ಕಪ್ಪಗೆ ಹೊಳೆಯುವ ಹೆಮಟೈಟನ್ನು ಗ್ಲೇಜ್ ಇಲ್ಲದ ಬಿಳಿ ಪಿಂಗಾಣಿ ಬಿಲ್ಲೆಗೆ ಉಜ್ಜಿದರೆ ಕೆಂಗಂದು ಗೆರೆ ಬೀಳುತ್ತದೆ. ಅದರ ಪಕ್ಕದಲ್ಲೇ ಅಷ್ಟೇ ಕಪ್ಪಗಿರುವ ಮ್ಯಾಗ್ನಟೈಟಿನದು ಕಪ್ಪು ಗೆರೆ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಬಿಟ್ಟರೆ ಕ್ಯಾಲ್ಸೈಟ್ ಜುಮ್ಮೆಂದು ನೊರೆ ಬಿಡುತ್ತದೆ. ಡಾಲೊಮೈಟ್ ಸುಮ್ಮನಿರುತ್ತದೆ, ಕೆರೆದು ಪುಡಿ ಮಾಡಿ ಬಿಟ್ಟರಷ್ಟೇ ಬಾಯಿ ಬಿಡುತ್ತದೆ.

ಎರಡನೆಯ ವರ್ಷ ಮೈಕ್ರೋಸ್ಕೋಪು ಬಂತು. ರಸ್ತೆಗೆ ಜಲ್ಲಿಯಾಗಿ ಸುರಿಯುವ ಅದೇ ನೈಸ್ ಕಲ್ಲನ್ನು 0.03 ಮಿಲಿಮೀಟರಿಗೆ ತೇದು ಗಾಜಿಗೆ ಅಂಟಿಸಿದರೆ ಬೆಳಕು ಹಾಯುತ್ತದೆ. ಧ್ರುವೀಕರಿಸಿದ ಬೆಳಕಿನಲ್ಲಿ ತಟ್ಟೆ ತಿರುಗಿಸುತ್ತ ಹೋದರೆ ಕ್ವಾರ್ಟ್ಸ್ ಬೂದಿಯಿಂದ ಕಪ್ಪಿಗೆ ಜಾರುತ್ತದೆ, ಮೈಕಾ ಬಣ್ಣಬಣ್ಣವಾಗಿ ಉರಿಯುತ್ತದೆ, ಮೈಕ್ರೋಕ್ಲೈನ್ ಚೌಕುಳಿ ಟವೆಲ್ಲಿನ ನೇಯ್ಗೆಯ ಹಾಗೆ ಕಾಣುತ್ತದೆ. ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ. ನಾಲ್ಕು ಜನಕ್ಕೆ ಒಂದು ಮೈಕ್ರೋಸ್ಕೋಪಾದ್ದರಿಂದ ಆ ಉತ್ತರವನ್ನು ಸರದಿಯಲ್ಲಿ ನೋಡಬೇಕಿತ್ತು.

ಆದರೂ ಜಿಯಾಲಜಿ ನನಗೆ ಹಿಡಿಸಿದ್ದು ಫೀಲ್ಡಿನಲ್ಲಿ, ನಮ್ಮ ಜಿಲ್ಲೆಯದೇ ಆದ ಮರಡಿಹಳ್ಳಿಯಲ್ಲಿ. ಕುರುಚಲು ಗಿಡಗಳ ನಡುವೆ ಹಸಿರು ಮಿಶ್ರಿತ ಕಪ್ಪು ಬಂಡೆ. ಹತ್ತಿರ ಹೋದರೆ ಅದು ಒಂದೇ ಬಂಡೆಯಲ್ಲ, ಗುಂಡಗಿನ ಉಬ್ಬುಗಳು ಒಂದರ ಮೇಲೊಂದು ಒತ್ತಿ ಕೂತದ್ದು. ಪಿಲ್ಲೋ ಲಾವಾ ಎನ್ನುತ್ತಾರೆ. ನೀರಿನಡಿ ಲಾವಾ ಉಕ್ಕಿದಾಗ ಹೊರಮೈ ತಕ್ಷಣ ಹೆಪ್ಪುಗಟ್ಟುತ್ತದೆ; ಒಳಗಿನ್ನೂ ಕುದಿಯುತ್ತಿರುವುದು ಸಿಪ್ಪೆಯನ್ನು ಸೀಳಿಕೊಂಡು ಹೊರಬಂದು ಇನ್ನೊಂದು ದಿಂಬಾಗುತ್ತದೆ. ವಯಸ್ಸು 250 ಕೋಟಿ ವರ್ಷದ ಆಚೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಸುತ್ತಿಗೆಗಳೆಲ್ಲ ಬ್ಯಾಗಿನಲ್ಲೇ ಉಳಿದವು. ಸುತ್ತಿಗೆ ಕೈಲಿಲ್ಲದಿದ್ದರೆ ಹುಡುಗರು ಚೆನ್ನಾಗಿ ನೋಡುತ್ತಾರೆ ಎಂಬುದು ನನ್ನ ಅಂದಿನಿಂದಲೂ ಇರುವ ಅಭಿಪ್ರಾಯ.

ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಮೇಲು ಯಾವ ಕಡೆ?" ಎಲ್ಲರೂ ಆಕಾಶ ತೋರಿಸಿದರು. "ಅದು ಇವತ್ತಿನ ಮೇಲು. ಲಾವಾ ಉಕ್ಕಿದ ದಿನದ ಮೇಲು ಯಾವುದ್ರೀ?" ಪದರಗಳು ಮಡಚಿ ವಾಲಿರುವ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಇದು ತಮಾಷೆಯ ಪ್ರಶ್ನೆಯಲ್ಲ. ಮಂಡಿಯೂರಿ ನೋಡಿದಾಗ ದಾರಿ ಕಂಡಿತು. ಪ್ರತಿ ದಿಂಬಿನ ಒಂದು ಮೈ ಉಬ್ಬಿದೆ, ಇನ್ನೊಂದು ಮೈ ಚೂಪಾಗಿ ಕೆಳಗಿನೆರಡು ದಿಂಬುಗಳ ಸಂದಿಗೆ ಇಳಿದಿದೆ. ಮೆತ್ತಗಿದ್ದಾಗ ಭಾರಕ್ಕೆ ಜಗ್ಗಿದ ಭಾಗ ಅದು. ಬಾಲ ಇರುವ ಕಡೆ ಅಂದಿನ ಕೆಳಗು. ಅಂಚಿನ ಕಣಗಳು ಒಳಗಿನವಕ್ಕಿಂತ ಸಣ್ಣವು, ಏಕೆಂದರೆ ಬೇಗ ಆರಿದ್ದು ಅಂಚು.

ಅವರ ಇನ್ನೊಂದು ಕಟ್ಟುನಿಟ್ಟು ನೋಟ್‌ಬುಕ್ಕಿನದು. ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಊಹಿಸಿದ್ದು. ಬಣ್ಣ, ಕಣದ ಗಾತ್ರ, ಪದರ ಹಾಯುವ ದಿಕ್ಕು (ಸ್ಟ್ರೈಕು), ಅದರ ವಾಲು (ಡಿಪ್ಪು), ಉಬ್ಬು, ಬಾಲ ಎಲ್ಲ ಎಡಕ್ಕೆ. "ಸಮುದ್ರದಡಿ ಉಕ್ಕಿದ ಲಾವಾ" ಎಂದು ಯಾರಾದರೂ ಎಡಕ್ಕೆ ಬರೆದರೆ, "ಎಲ್ಲಿ ಕಂಡ್ರಿ ಸಮುದ್ರಾನ?" ಎಂದು ಸುತ್ತ ನೋಡುತ್ತಿದ್ದರು. ಸುತ್ತ ಇದ್ದದ್ದು ಜಾಲಿ ಗಿಡ, ಎರಡು ಕುರಿ.

ಇದು ಬರೀ ಶಿಸ್ತಿನ ಮಾತಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಶುರುವಾಯಿತು. ಅಲ್ಲಿಯ ಡಬ್ಲ್ಯು. ಎಫ್. ಸ್ಮೀತ್ ಅವರು ನಮ್ಮ ಚಿತ್ರದುರ್ಗದ ಪಟ್ಟಿಯೂ ಸೇರಿದ ಧಾರವಾಡ ಶಿಲೆಗಳು ಬಹುಮಟ್ಟಿಗೆ ಅಗ್ನಿಶಿಲೆಗಳೇ ಎಂದು ವಾದಿಸಿದರು. ಮುಂದೆ ಅದೇ ಇಲಾಖೆಯ ಬಿ. ರಾಮರಾವ್ ಅವುಗಳಲ್ಲಿ ಎಷ್ಟೋ ನೀರಿನಲ್ಲಿ ಕೆಸರು, ಮರಳು ಕೂತು ಆದ ಶಿಲೆಗಳೆಂದು ತೋರಿಸಿದರು. ವಾದ ತಲೆಕೆಳಗಾಯಿತು. ಆದರೆ ಮೊದಲಿನವರು ಕಾಲ್ನಡಿಗೆಯಲ್ಲಿ ಸುತ್ತಿ ನಕ್ಷೆಗೆ ಇಳಿಸಿದ ಗಡಿರೇಖೆಗಳು ಅದರ ಜೊತೆ ಬಿದ್ದುಹೋಗಲಿಲ್ಲ, ಹೊಸ ವಾದಕ್ಕೂ ಅವೇ ಬೇಕಾದವು. ಬಲಪುಟ ಎಷ್ಟು ಸಲವಾದರೂ ಬದಲಾಗಲಿ, ಎಡಪುಟ ಕೆಟ್ಟರೆ ಮುಂದಿನವರಿಗೆ ಏನೂ ಉಳಿಯುವುದಿಲ್ಲ.

ಫೀಲ್ಡಿನ ಬಗ್ಗೆ ಯಾರೂ ಹೇಳದ ಇನ್ನೊಂದನ್ನು ಹುಡುಗಿಯರಿಗಾಗಿ ಹೇಳಬೇಕು. ಮಾರ್ಚ್ ಬಿಸಿಲಲ್ಲಿ ನಾವು ನೀರು ಕುಡಿಯುತ್ತಿರಲಿಲ್ಲ. ಬಯಲಲ್ಲಿ ಶೌಚಕ್ಕೆ ಎಲ್ಲಿ ಹೋಗುವುದು ಎಂಬ ಲೆಕ್ಕಕ್ಕೆ ಬಾಟಲಿ ತುಂಬಿದ್ದಂತೇ ವಾಪಸು ಬರುತ್ತಿತ್ತು, ಸಂಜೆಗೆ ತಲೆನೋವು. ಟೂರಿನ ಯೋಜನೆಯಲ್ಲಿ ಊಟ, ಬಸ್ಸು, ಬಂಡೆ ಎಲ್ಲ ಇರುತ್ತಿದ್ದವು, ಇದೊಂದು ಇರುತ್ತಿರಲಿಲ್ಲ. ಕೇಳಿದ ಮೇಲೆ ದಾರಿಯ ಶಾಲೆ, ಪಂಚಾಯ್ತಿ ಕಚೇರಿಗಳಲ್ಲಿ ಬಸ್ಸು ನಿಲ್ಲತೊಡಗಿತು. ಕೇಳಿ. ಇನ್ನು ಗಣಿಯ ಮಾತು: 1952ರ ಗಣಿ ಕಾಯ್ದೆಯ ಪ್ರಕಾರ ಹೆಂಗಸರು ನೆಲದಡಿಯ ಗಣಿಯಲ್ಲಿ ಕೆಲಸ ಮಾಡುವಂತಿರಲಿಲ್ಲ. ನಾನು ಡಿಗ್ರಿ ಮುಗಿಸುವಾಗಲೂ ಹಾಗೇ ಇತ್ತು. ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಹುದ್ದೆಗಳಿಗೆ ಆ ಬಾಗಿಲು ತೆರೆದದ್ದು 2019ರಲ್ಲಿ.

ನಾನು ಹೊಕ್ಕದ್ದು ಅಂತರ್ಜಲದ ಕೆಲಸಕ್ಕೆ. ಜಿಯಾಲಜಿ ಓದಿದವರಿಗೆ ನಮ್ಮ ಕಡೆ ಎರಡೇ ಪ್ರಶ್ನೆ: ಬಂಗಾರ ಎಲ್ಲಿದೆ, ನೀರು ಎಲ್ಲಿದೆ. ಹಿರಿಯೂರಿನ ಚಿಕ್ಕಪ್ಪ ದಾಳಿಂಬೆ ತೋಟಕ್ಕೆ ಬೋರ್ ಪಾಯಿಂಟ್ ನೋಡಲು ಕರೆದರು. ಗಟ್ಟಿ ಶಿಲೆಯ ಈ ಸೀಮೆಯಲ್ಲಿ ನೀರು ನದಿಯಂತೆ ಹರಿಯುವುದಿಲ್ಲ. ಮೇಲಿನ ಕೊಳೆತ ಶಿಲೆಯಲ್ಲಿ, ಅದರಡಿಯ ಬಿರುಕುಗಳಲ್ಲಿ ನಿಂತಿರುತ್ತದೆ. ನೆಲಕ್ಕೆ ನಾಲ್ಕು ಕಡ್ಡಿ ಒಂದೇ ಸಾಲಿನಲ್ಲಿ ಹೊಡೆದು, ಹೊರಗಿನ ಎರಡಕ್ಕೆ ಕರೆಂಟ್ ಕೊಟ್ಟು ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತೇವೆ. ಹೊರಗಿನವನ್ನು ದೂರ ಸರಿಸಿದಂತೆ ಇನ್ನೂ ಆಳದ ಸುದ್ದಿ ಬರುತ್ತದೆ. ನೀರು ತುಂಬಿದ ಬಿರುಕಿದ್ದರೆ ನೆಲದ ರೋಧ ಇಳಿಯುತ್ತದೆ. ಜೇಡಿ ಇದ್ದರೂ ಇಳಿಯುತ್ತದೆ, ತೊಂದರೆ ಅಲ್ಲೇ. ತೋಟದ ಅಡ್ಡಕ್ಕೆ ಕರಿಕಲ್ಲಿನ ಗುಂಡುಗಳ ಸಾಲೊಂದು ಹಾದುಹೋಗಿತ್ತು. ಅದು ಡಾಲರೈಟ್ ಡೈಕು, ನೆಲದೊಳಗಿನ ಗೋಡೆ; ಇಳಿಜಾರಿನ ಮೇಲ್ಬದಿಯಲ್ಲಿ ನೀರನ್ನು ತಡೆದಿಡುವ ಸಾಧ್ಯತೆ ಹೆಚ್ಚು. ಆ ಬದಿಯಲ್ಲಿ ಒಂದು ಜಾಗ ಗುರುತು ಮಾಡಿ, "ಇಲ್ಲಿ ಸಿಗೋ ಸಂಭವ ಹೆಚ್ಚು, ಗ್ಯಾರಂಟಿ ಕೊಡಕ್ಕಾಗಲ್ಲ ಚಿಕ್ಕಪ್ಪಾ" ಅಂದೆ.

"ಬರುತ್ತೋ ಇಲ್ವೋ, ಅಷ್ಟು ಹೇಳವ್ವ ಸಾಕು."

ಮರುದಿನ ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸಿದರು. ಅಂಗೈ ಮೇಲಿನ ಕಾಯಿ ಡೈಕಿನ ಅದೇ ಬದಿಯಲ್ಲಿ, ನನ್ನ ಗುರುತಿನಿಂದ ನಾಲ್ಕು ಮಾರು ಆಚೆ ಎದ್ದು ನಿಂತಿತು. ಎಷ್ಟು ಅಡಿಗೆ, ಎಷ್ಟು ಇಂಚು ನೀರು ಎಂದು ಅವರು ತಡವರಿಸದೆ ಹೇಳಿದರು. ಬೋರ್ ಕೊರೆದದ್ದು ಕಾಯಿ ಎದ್ದಲ್ಲಿ, ನೀರು ಬಂತು, ಹೆಸರು ಕಾಯಿಗೆ ಹೋಯಿತು. ಒಂದು ಬೋರಿನಿಂದ ಅವರ ವಿದ್ಯೆಯೂ ಸಾಬೀತಾಗುವುದಿಲ್ಲ, ನನ್ನದೂ ಆಗುವುದಿಲ್ಲ. ವ್ಯತ್ಯಾಸ ಇಷ್ಟೆ: ನಾನು ಫೇಲಾದ ಬೋರುಗಳ ಲೆಕ್ಕವನ್ನೂ ಫೈಲಿನಲ್ಲಿ ಇಡಬೇಕು. ಕಾಯಿಯವರಿಗೆ ಅಂಥ ಫೈಲಿಲ್ಲ. ಖಚಿತವಾಗಿ ಮಾತಾಡುವವರೆದುರು ಸಂಭವದ ಮಾತಾಡುವವಳಿಗೆ ಗಿರಾಕಿ ಕಡಿಮೆ. ಅದು ಸಿಲಬಸ್ಸಿನಲ್ಲಿ ಬರುವುದಿಲ್ಲ, ಆದರೆ ಈ ವೃತ್ತಿಯ ಅರ್ಧ ಭಾಗ ಅದೇ.

ಈಗ ಪರಿಚಯದವರ ಮಕ್ಕಳು ಜಿಯಾಲಜಿ ತೆಗೆದುಕೊಳ್ಳಲೇ ಎಂದು ಕೇಳುತ್ತಾರೆ. ಬಿ.ಎಸ್ಸಿ.ಗೆ ನಿಲ್ಲಿಸುವುದಾದರೆ ಬೇಡ ಅನ್ನುತ್ತೇನೆ. 1851ರಿಂದ ಇರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಯುಪಿಎಸ್‌ಸಿ ನಡೆಸುವ ಜಿಯೋ-ಸೈಂಟಿಸ್ಟ್ ಪರೀಕ್ಷೆ ಬರೆಯಲು ಎಂ.ಎಸ್ಸಿ. ಬೇಕು. ಮ್ಯಾಥ್ಸ್ ಬಿಡಬಾರದು, ಜಿಯೋಫಿಸಿಕ್ಸ್ ಕೈ ಹಿಡಿಯುವುದು ಅದರಿಂದಲೇ. ಅರ್ಜಿ ಹಾಕುವ ಮುಂಚೆ ಕಾಲೇಜಿಗೊಮ್ಮೆ ಹೋಗಿ ಎರಡು ವಿಷಯ ವಿಚಾರಿಸಿ. ಕಳೆದ ವರ್ಷ ಫೀಲ್ಡಿಗೆ ಎಲ್ಲಿಗೆ ಕರೆದೊಯ್ದರು, ಮಕ್ಕಳು ಅಲ್ಲಿ ತಾವೇ ನಕ್ಷೆ ಮಾಡಿದರೋ ಅಥವಾ ಗ್ರೂಪ್ ಫೋಟೋ ತೆಗೆಸಿಕೊಂಡು ಬಂದರೋ. ಆಮೇಲೆ ಲ್ಯಾಬ್ ತೋರಿಸಿ ಅನ್ನಿ. ಮೈಕ್ರೋಸ್ಕೋಪಿನ ಹೊದಿಕೆಯ ಮೇಲೆ ಬೆರಳಾಡಿಸಿದಾಗ ಗೆರೆ ಬಿದ್ದರೆ ಪಕ್ಕದ ಜಿಲ್ಲೆಯಲ್ಲಿ ಸೀಟು ಕೇಳಿ.